ಹುರುಪೆ, ಲೋಳೆ, ಪೊರೆ: ರಾಮನಾಥಪುರದಿಂದ ಬಾಬಾಬುಡನ್‌ಗಿರಿಯವರೆಗೆ

ಮೊದಲ ದಿನ: ಹಾಸನ, ರಾಮನಾಥಪುರ, ಸಕಲೇಶಪುರ

ಆರಿದ್ರಾ ಮಳೆ ಹಿಡಿದ ಮೇಲೆ ಹಾಸನದಿಂದ ಅರಕಲಗೂಡಿನ ಕಡೆ ಹೊರಟರೆ ದಾರಿಯುದ್ದಕ್ಕೂ ಹೊಗೆಸೊಪ್ಪಿನ ಹೊಲಗಳು, ನಡುನಡುವೆ ಆಲೂಗೆಡ್ಡೆ. ಮೋಡ ಇದೆ, ಮಳೆ ಜೋರಿಲ್ಲ. ರಾಮನಾಥಪುರದಲ್ಲಿ ಕಾವೇರಿ ಆಗಲೇ ಕೆಂಪಗೆ ಹರಿಯುತ್ತಿತ್ತು. ರಾಮೇಶ್ವರ ದೇವಸ್ಥಾನದ ಹತ್ತಿರದ ವಹ್ನಿಪುಷ್ಕರಿಣಿಯ ಮೀನುಗಳನ್ನು ಯಾರೂ ಹಿಡಿಯುವ ಹಾಗಿಲ್ಲ. ದೇವರ ಮೀನು ಎಂದು ಊರೇ ಕಾಪಾಡಿಕೊಂಡು ಬಂದಿದೆ. ಇವುಗಳಲ್ಲಿ ಹೆಸರಾದದ್ದು ಗೆಂಡೆ ಬಳಗದ ದೊಡ್ಡ ಮೀನು ಮಹಶೀರ್. ಅದನ್ನು ಬಲೆ ಹಾಕದೆ, ಗಾಳ ಎಸೆಯದೆ, ಹತ್ತಿರದಿಂದ ನೋಡಲು ಹಾಸನ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಕಿಲ್ಲ.

ಮೆಟ್ಟಿಲ ಮೇಲೆ ಪುರಿ ಮಾರುತ್ತಿದ್ದ ಅಜ್ಜ ಹೇಳಿದರು: “ನೀರು ಕೆಂಪಾದ್ರೆ ಸುಮ್ನೆ ಮೇಲಕ್ಕೆ ಬರಲ್ಲ ಸಾ. ಪುರಿ ಬಿದ್ರೆ ಬತ್ತವೆ.” ಬಂದವು. ನೀರ ಮೇಲೆ ಮೊದಲು ಕಾಣುವುದು ದಪ್ಪ ತುಟಿ, ಆಮೇಲೆ ಎರಡು ಜೊತೆ ಮೀಸೆ. ಮೀನು ಮಗ್ಗುಲಾಗಿ ಹೊರಳಿದ ಒಂದು ಕ್ಷಣದಲ್ಲಿ ಫೋಟೋ ತೆಗೆದುಕೊಂಡರೆ ಉಳಿದದ್ದನ್ನು ಆರಾಮಾಗಿ ಎಣಿಸಬಹುದು. ಕಿವಿರಿನ ಮುಚ್ಚಳದ ಹಿಂದಿನಿಂದ ಬಾಲದವರೆಗೆ ಸಣ್ಣ ತೂತುಗಳ ಒಂದು ಸಾಲು ಹೋಗುತ್ತದೆ. ನೀರಿನ ಅಲುಗಾಟವನ್ನು ಮೀನು ಅರಿಯುವುದು ಆ ಪಾರ್ಶ್ವರೇಖೆಯಿಂದ. ಮಹಶೀರಿನಲ್ಲಿ ಆ ಸಾಲಿನ ಹುರುಪೆಗಳು ಸುಮಾರು 25 ಮಾತ್ರ. ಮಾರುಕಟ್ಟೆಯ ರೋಹುವಿನಲ್ಲಿ ಸುಮಾರು 40. ಅಂದರೆ ಮಹಶೀರಿನ ಹುರುಪೆ ದೊಡ್ಡದು. ಎಳೆ ಮೀನಾದರೂ ಬಲಿತ ಮೀನಾದರೂ ಲೆಕ್ಕ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ, ಹುರುಪೆಗಳ ಗಾತ್ರ ಬೆಳೆಯುತ್ತದೆ. ಹಾಗಾಗಿಯೇ ಈ ಎಣಿಕೆಗೆ ಬೆಲೆ.

ಬಣ್ಣಕ್ಕೆ ಆ ಬೆಲೆ ಇಲ್ಲ. ಈಜುರೆಕ್ಕೆ ನೀಲಿಯಾಗಿದೆ, ಕಿತ್ತಳೆಯಾಗಿದೆ ಎಂದು ಮಹಶೀರುಗಳನ್ನು ಬೇರ್ಪಡಿಸುವುದು ಹಳೆಯ ರೂಢಿ. ದಖನ್ ಮಹಶೀರ್, ಅಂದರೆ ಟಾರ್ ಖುದ್ರಿಗೆ ಸೈಕ್ಸ್ 1839ರಲ್ಲಿ ಹೆಸರಿಟ್ಟದ್ದು ಪುಣೆಯ ಹತ್ತಿರದ ನದಿಯ ಮೀನನ್ನು ನೋಡಿ. ಕಾವೇರಿಗೇ ಸೇರಿದ ಗೂನುಬೆನ್ನಿನ ದೊಡ್ಡ ಮಹಶೀರ್ ಬೇರೆ ಜಾತಿ, ಅದು ಟಾರ್ ರೆಮಾದೇವಿ ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದನ್ನು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಶತಮಾನಕ್ಕೂ ಹೆಚ್ಚು ಕಾಲ ಗಾಳದವರೆಲ್ಲ ಕೊಂಡಾಡಿದ ಮೀನಿಗೆ ಸರಿಯಾದ ಹೆಸರಿರಲಿಲ್ಲ. ಅಷ್ಟರೊಳಗೆ ಸಾಕಣೆ ಕೇಂದ್ರಗಳಿಂದ ತಂದ ನೀಲಿರೆಕ್ಕೆಯ ಬೇರೆ ಮಹಶೀರಿನ ಮರಿಗಳನ್ನು ಕಾವೇರಿಗೆ ಬಿಟ್ಟದ್ದೂ ಆಗಿತ್ತು. ಹೆಸರು ತಿಳಿಯದೆ ಕಾಪಾಡಲು ಹೊರಟರೆ ಕಾಪಾಡಬೇಕಾದದ್ದೇ ಕೈತಪ್ಪುತ್ತದೆ.

ಮೀನಿನ ಹುರುಪೆ ಚರ್ಮದ ಒಳಪದರದಲ್ಲಿ ಹುಟ್ಟುವ ತೆಳುವಾದ ಮೂಳೆಯ ಬಿಲ್ಲೆ. ಅದರ ಮೇಲೆ ಬೆಳವಣಿಗೆಯ ಉಂಗುರಗಳಿರುತ್ತವೆ, ಮೀನಿನ ವಯಸ್ಸನ್ನು ಅಂದಾಜು ಮಾಡುವುದು ಅವುಗಳಿಂದ. ಒಂದೆರಡು ಹುರುಪೆ ಉದುರಿದರೆ ಮತ್ತೆ ಬೆಳೆಯುತ್ತದೆ. ಆದರೆ ಮೇಲಿನ ಲೋಳೆ ಸವೆದುಹೋದ ಜಾಗದಲ್ಲಿ ಬೂಸ್ಟು ಹಿಡಿಯುತ್ತದೆ. ಮೆಟ್ಟಿಲ ಹತ್ತಿರ ಬಂದ ಮೀನಿನ ಬೆನ್ನು ಸವರುವ ಮಕ್ಕಳನ್ನು ದೊಡ್ಡವರು ತಡೆಯಬೇಕಾದದ್ದು ಈ ಕಾರಣಕ್ಕೆ. ಪುರಿ ಹಿಡಿಯಷ್ಟಾದರೆ ಸಾಕು. ನದಿಗೆ ಬಿದ್ದ ಹಣ್ಣು, ಏಡಿ, ಬಸವನಹುಳು, ನೀರುಹುಳುಗಳನ್ನು ಗಂಟಲೊಳಗಿನ ಹಲ್ಲುಗಳಿಂದ ಅರೆದು ತಿನ್ನುವ ಪ್ರಾಣಿ ಇದು. ಈ ಬಳಗದ ಮೀನುಗಳಿಗೆ ದವಡೆಯಲ್ಲಿ ಹಲ್ಲೇ ಇಲ್ಲ.

ಕೊಣನೂರಿನ ಕಡೆಯ ಒಂದು ಮೀನಂಗಡಿಯಲ್ಲಿ ಹತ್ತು ನಿಮಿಷ ನಿಂತರೆ ಅರ್ಧ ಪಾಠ ಮುಗಿಯುತ್ತದೆ. ಜಿಲೇಬಿ ಮೀನಿನ, ಅಂದರೆ ತಿಲಾಪಿಯಾದ ಮುಖ ನೋಡಿ: ಮೂಗಿನ ಹೊಳ್ಳೆ ಪ್ರತಿ ಬದಿಗೆ ಒಂದೇ ಒಂದು. ಪಾರ್ಶ್ವರೇಖೆ ಎರಡು ತುಂಡಾಗಿದೆ. 1952ರಲ್ಲಿ ಭಾರತಕ್ಕೆ ತಂದ ಆಫ್ರಿಕಾದ ಮೀನು ಅದು, ನಮ್ಮ ಗೆಂಡೆಗಳ ಬಳಗವೇ ಅಲ್ಲ. ಬಕೆಟ್ಟಿನಲ್ಲಿ ಅಲುಗುತ್ತಿದ್ದ ಚೇಳುಮೀನಿಗೆ ಹುರುಪೆ ಇಲ್ಲ, ಮೀಸೆ ನಾಲ್ಕು ಜೊತೆ. “ಅದನ್ನ ಮುಟ್ಬೇಡಿ ಅಣ್ಣ, ಜ್ವರ ಬರೋ ಹಂಗೆ ಉರೀತದೆ” ಎಂದು ಅಂಗಡಿಯಾಕೆ ಎಚ್ಚರಿಸಿದರು. ಎದೆಯ ರೆಕ್ಕೆಯ ಮುಂದಿನ ಮುಳ್ಳಿನಲ್ಲಿ ವಿಷ ಇರುತ್ತದೆ. ಚುಚ್ಚಿದರೆ ತಾಳಬಲ್ಲಷ್ಟು ಬಿಸಿಯಾದ ನೀರಿನಲ್ಲಿ ಕೈ ಇಡಬೇಕು. ಆ ವಿಷ ಬಿಸಿಗೆ ಕೆಡುವಂಥದ್ದು, ಐಸ್ ಇಟ್ಟರೆ ಉಪಯೋಗವಿಲ್ಲ.

ಸಕಲೇಶಪುರ ತಲುಪುವಾಗ ಕತ್ತಲು. ಕಡುಬು, ಕಳಲೆ ಪಲ್ಯ, ಬಿಡದ ಮಳೆ.

ಎರಡನೆಯ ದಿನ: ಬಿಸಿಲೆ ದಾರಿ

ವಣಗೂರು ದಾಟಿದ ಮೇಲೆ ರಸ್ತೆಗೆ ಅಡ್ಡಲಾಗಿ ಮರ ಬಿದ್ದಿತ್ತು. ಈ ದಾರಿಯಲ್ಲಿ ಮಳೆಗಾಲಕ್ಕೆ ಇದು ಮಾಮೂಲು. ಹತ್ತಿರದ ತೋಟದವರು ಕತ್ತಿ, ಗರಗಸ ತಂದು ಕೊಂಬೆ ಕಡಿಯತೊಡಗಿದರು. ಬಿದ್ದ ಮರದ ಬೇರಿನ ಹತ್ತಿರ, ಕುಸಿದ ಕೆಂಪು ಮಣ್ಣಿನಲ್ಲಿ ಏನೋ ಹೊರಳಿತು. ಒಬ್ಬರು ಕತ್ತಿ ಎತ್ತಿದರು. “ಎರಡ್ ತಲೆ ಹಾವು ಕಣಣ್ಣ, ತಡಿ!” ಎಂದು ಇನ್ನೊಬ್ಬರು ಹಿಂದೆ ಎಳೆದರು. ಅವರು ಎಳೆದದ್ದು ಒಳ್ಳೆಯದಾಯಿತು, ಏಕೆಂದರೆ ಅದು ಹಾವೇ ಅಲ್ಲ.

ಮಲೆನಾಡಿನ ಮಣ್ಣಿನಲ್ಲಿ ಕಾಲಿಲ್ಲದೆ ಹರಿಯುವ, ಬೆನ್ನೆಲುಬಿರುವ ಮೂರು ಬಗೆಯ ಪ್ರಾಣಿಗಳಿವೆ. ಮೂರನ್ನೂ ಜನ ಒಂದೇ ಹೆಸರಿನಿಂದ ಕರೆದು, ಒಂದೇ ಕಾರಣಕ್ಕೆ ಕೊಲ್ಲುತ್ತಾರೆ. ಮೂರರಲ್ಲಿ ಒಂದಕ್ಕೂ ಮನುಷ್ಯನಿಗೆ ವಿಷವಾಗುವ ಹಲ್ಲಿಲ್ಲ. ಗುರುತಿಸುವುದಕ್ಕೆ ಚರ್ಮವನ್ನೇ ನೋಡಬೇಕು.

ಅಲ್ಲಿ ಹೊರಳಿದ್ದು ಸಿಸಿಲಿಯನ್, ಇಕ್ತಿಯೋಫಿಸ್ ಕುಲದ್ದು. ಒಂದು ಗೇಣಿಗಿಂತ ಸ್ವಲ್ಪ ಉದ್ದ, ನೇರಳೆ ಮಿಶ್ರಿತ ಕಂದು ಮೈ, ಎರಡು ಬದಿಯಲ್ಲೂ ಹಳದಿ ಪಟ್ಟೆ. ಮೈ ತುಂಬ ಉಂಗುರಗಳು, ಹಾಗಾಗಿ ಎರೆಹುಳು ಎನಿಸುತ್ತದೆ. ಆದರೆ ಎರೆಹುಳುವಿಗೆ ದವಡೆ ಎಲ್ಲಿ? ಇದಕ್ಕೆ ಬಾಯಿ ಇದೆ, ಹಲ್ಲಿದೆ, ಚರ್ಮದಡಿಯಲ್ಲಿ ಕಪ್ಪು ಚುಕ್ಕೆಯಂತೆ ಕಾಣುವ ಕಣ್ಣಿದೆ. ಕಣ್ಣಿಗೂ ಮೂಗಿಗೂ ನಡುವೆ, ತುಟಿಯ ಹತ್ತಿರ, ಸಣ್ಣದೊಂದು ಸ್ಪರ್ಶಾಂಗ ಹೊರಬಂದು ಒಳಹೋಗುತ್ತದೆ. ವಾಸನೆ ಹಿಡಿಯುವ ಈ ಅಂಗ ಇರುವುದು ಸಿಸಿಲಿಯನ್‌ಗಳಿಗೆ ಮಾತ್ರ. ಮೈಯೆಲ್ಲ ಲೋಳೆ. ಇದು ಕಪ್ಪೆಯ ನಂಟ, ಉಭಯವಾಸಿ. ಉಭಯವಾಸಿಗಳಲ್ಲಿ ಮೂರೇ ಗಣಗಳಿವೆ: ಕಪ್ಪೆಗಳದ್ದು, ಬಾಲವಿರುವ ಸಾಲಮಾಂಡರ್‌ಗಳದ್ದು, ಕಾಲಿಲ್ಲದ ಸಿಸಿಲಿಯನ್‌ಗಳದ್ದು. ಎರಡನೆಯದು ನಮ್ಮಲ್ಲಿಲ್ಲ, ಅದನ್ನು ನೋಡಲು ಡಾರ್ಜಿಲಿಂಗ್ ಕಡೆ ಹೋಗಬೇಕು.

ಉಭಯವಾಸಿಗೆ ಹುರುಪೆ ಇಲ್ಲ ಎಂದು ಶಾಲೆಯಲ್ಲಿ ಕಲಿಸುತ್ತಾರೆ. ಇಕ್ತಿಯೋಫಿಸ್‌ನ ಉಂಗುರಗಳ ಮಡಿಕೆಯೊಳಗೆ ಸೂಕ್ಷ್ಮವಾದ ಹುರುಪೆಗಳು ಅಡಗಿವೆ. ಹೊರಗಿನಿಂದ ಕಾಣುವುದಿಲ್ಲ, ಸೂಕ್ಷ್ಮದರ್ಶಕ ಬೇಕು. ಅವು ಹುಟ್ಟುವುದೂ ಮೀನಿನಂತೆ ಚರ್ಮದ ಒಳಪದರದಲ್ಲೇ.

ತಾಯಿ ಹಳ್ಳದ ದಡದ ಒದ್ದೆ ಮಣ್ಣಿನಲ್ಲಿ ಮೊಟ್ಟೆಯಿಟ್ಟು ಸುತ್ತಿಕೊಂಡು ಕಾಯುತ್ತದೆ. ಒಡೆದ ಮರಿ ಹಳ್ಳಕ್ಕಿಳಿದು ಸ್ವಲ್ಪ ಕಾಲ ನೀರಿನಲ್ಲಿ ಬೆಳೆಯುತ್ತದೆ. ಇದರ ಇನ್ನೊಂದು ಬಳಗ ಗೆಜೆನಿಯೋಫಿಸ್. ಅದಕ್ಕೆ ಬಾಲವಿಲ್ಲ, ಕಣ್ಣು ತಲೆಬುರುಡೆಯ ಮೂಳೆಯಡಿ ಹೂತಿದೆ, ಮರಿಗೆ ನೀರಿನ ಹಂತವೇ ಬೇಕಿಲ್ಲ. ಹಳ್ಳದ ದಡ ಕೊರೆದು ಕಾಂಕ್ರೀಟ್ ಗೋಡೆ ಕಟ್ಟಿದರೆ ಮೊದಲನೆಯದಕ್ಕೆ ಸಂಸಾರ ಹೂಡಲು ಜಾಗವಿರುವುದಿಲ್ಲ.

ಎರಡನೆಯದು ಕುರುಡುಹಾವು. ಪೆನ್ನಿನ ರೀಫಿಲ್ಲಿನಷ್ಟು ಸಪುರ. ಒಣಮೈ, ಮೈಸುತ್ತ 20 ಸಾಲು ನುಣುಪಾದ ಹುರುಪೆ, ಬಾಲದ ತುದಿಯಲ್ಲಿ ಚಿಕ್ಕ ಮುಳ್ಳು. ಹೂಕುಂಡದ ಮಣ್ಣಿನಲ್ಲೂ ಬಚ್ಚಲ ಮೋರಿಯಲ್ಲೂ ಸಿಗುವುದು ಇದೇ. ಗಂಡೇ ಇಲ್ಲದ ಜಾತಿ, ಹೆಣ್ಣು ಒಂಟಿಯಾಗಿಯೇ ಮೊಟ್ಟೆಯಿಡುತ್ತದೆ. ಇರುವೆ, ಗೆದ್ದಲಿನ ಮೊಟ್ಟೆ ಇದರ ಊಟ.

ಮೂರನೆಯದು ಗುರಾಣಿಬಾಲದ ಹಾವು. ಯುರೋಪೆಲ್ಟಿಡೇ ಎಂಬ ಈ ಕುಟುಂಬ ಪ್ರಪಂಚದಲ್ಲಿ ಇರುವುದು ಭಾರತದ ದಕ್ಷಿಣ ಭಾಗ ಮತ್ತು ಶ್ರೀಲಂಕಾದಲ್ಲಷ್ಟೇ. ತಲೆ ಚೂಪು, ಬಾಲ ಮೊಂಡು. ಬಾಲದ ತುದಿಯಲ್ಲಿ ಒರಟಾದ ಬಿಲ್ಲೆ, ಅದಕ್ಕೆ ಮಣ್ಣು ಮೆತ್ತಿಕೊಂಡಿರುತ್ತದೆ. ಹಿಂದಿನಿಂದ ಯಾರಾದರೂ ಬಂದರೆ ಸುರಂಗಕ್ಕೆ ಅದೇ ಬಿರಡೆ. ಉಳಿದ ಮೈಗೆ ಮಣ್ಣು ಅಂಟುವುದಿಲ್ಲ, ಬೆಳಕಿಗೆ ಹಿಡಿದರೆ ಕಾಮನಬಿಲ್ಲಿನ ಬಣ್ಣ ಹೊಡೆಯುತ್ತದೆ. ಎರೆಹುಳು ತಿಂದು, ಮರಿ ಹಾಕುತ್ತದೆ. ಕಾಫಿ ಗಿಡಕ್ಕೆ ಗುಂಡಿ ತೆಗೆಯುವಾಗ, ಶುಂಠಿಗೆ ಹೊಲ ಅಗೆಯುವಾಗ ಹಾರೆಗೆ ಸಿಗುವುದು ಹೆಚ್ಚಾಗಿ ಇದು.

ಇಷ್ಟನ್ನು ವಿವರಿಸುವ ಹೊತ್ತಿಗೆ ಮರ ಸರಿದಿತ್ತು. ಕತ್ತಿ ಎತ್ತಿದ್ದವರೇ ಒಂದು ಅಗಲ ಎಲೆಯ ಮೇಲೆ ಸಿಸಿಲಿಯನನ್ನು ಸರಿಸಿ, ರಸ್ತೆಯಿಂದ ದೂರ, ದರಗಿನಡಿ ಬಿಟ್ಟರು. ಕೈ ಮುಟ್ಟಲೇಬೇಕಾದರೆ ಹಳ್ಳದ ನೀರಲ್ಲಿ ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು. ಇಂಬಳಕ್ಕೆಂದು ಹೊಗೆಸೊಪ್ಪು, ಸುಣ್ಣ, ಸೊಳ್ಳೆಎಣ್ಣೆ ಸವರಿದ ಕೈಯಂತೂ ಬೇಡವೇ ಬೇಡ. ಉಭಯವಾಸಿ ಚರ್ಮದಿಂದಲೂ ಉಸಿರಾಡುತ್ತದೆ, ಹಚ್ಚಿದ್ದೆಲ್ಲ ಒಳಗೆ ಇಳಿಯುತ್ತದೆ. ಇಂಬಳಕ್ಕೆ ಕಾಲುಚೀಲದ ಮೇಲೆ ಮಾತ್ರ ಹಚ್ಚಿಕೊಂಡು, ಕೈ ತೊಳೆದಿಟ್ಟುಕೊಳ್ಳುವುದು ವಾಸಿ.

ರಾತ್ರಿ ಕಾಡಿನೊಳಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅನುಮತಿ ಇಲ್ಲದೆ ತೋಟದ ಮಾಲೀಕರನ್ನು ಕೇಳಿ ಅವರ ಕೆರೆಯಂಚಿನಲ್ಲಿ ನಿಂತರೂ ನಷ್ಟವಿಲ್ಲ. ಅಲ್ಲಿಯೇ ಮಲಬಾರ್ ಹಾರುಗಪ್ಪೆಯ ನೊರೆಗೂಡುಗಳು ನೀರಿನ ಮೇಲೆ ಬಾಗಿದ ಕೊಂಬೆಗಳಲ್ಲಿ ಇದ್ದವು. ಹೆಣ್ಣು ಸ್ರವಿಸಿದ ದ್ರವವನ್ನು ಹಿಂಗಾಲಿನಿಂದ ಕಡೆದು ನೊರೆ ಎಬ್ಬಿಸಿ ಅದರೊಳಗೆ ಮೊಟ್ಟೆಯಿಡುತ್ತದೆ. ಹೊರಮೈ ಗಟ್ಟಿಯಾಗುತ್ತದೆ, ಒಳಗೆ ತೇವ ಉಳಿಯುತ್ತದೆ. ಸುಮಾರು ಒಂದು ವಾರದಲ್ಲಿ ಗೊದಮೊಟ್ಟೆಗಳು ನೀರಿಗೆ ಉದುರುತ್ತವೆ. ಮಳೆ ನಡುವೆ ಕೈಕೊಟ್ಟು ಕೆರೆಯಂಚು ಹಿಂದೆ ಸರಿದರೆ ಉದುರಿದ ಮರಿಗಳಿಗೆ ಸಿಗುವುದು ಬರೀ ಕೆಸರು. ನೊರೆಗೂಡಿರುವ ಕೊಂಬೆಯನ್ನು ಫೋಟೋಕ್ಕೆಂದು ಬಗ್ಗಿಸಿ ಕಟ್ಟುವವರೂ ಇದೇ ಅನಾಹುತ ಮಾಡುತ್ತಾರೆ.

ಮೂರನೆಯ ದಿನ: ಹಳ್ಳ ಮತ್ತು ನೀರು ಬೇರಾಗುವ ಏಣು

ಬಿಸಿಲೆಯ ಸುತ್ತ ಒಂದು ಏಣಿನ ಮೇಲೆ ಬಿದ್ದ ಮಳೆ ಎರಡಾಗಿ ಒಡೆಯುತ್ತದೆ. ಒಂದು ಪಾಲು ಕುಮಾರಧಾರೆ, ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. ಇನ್ನೊಂದು ಹೇಮಾವತಿ ಸೇರಿ, ಕಾವೇರಿಯಾಗಿ ಬಂಗಾಳಕೊಲ್ಲಿಗೆ. ಮನುಷ್ಯನಿಗೆ ಅದು ಹತ್ತು ಹೆಜ್ಜೆ. ಹಳ್ಳದ ಮೀನಿಗೆ ದಾಟಲಾಗದ ಗೋಡೆ. ಮೀನಿನ ಟಿಪ್ಪಣಿಯಲ್ಲಿ ಊರಿನ ಹೆಸರಿಗಿಂತ ಮೊದಲು ಬರೆಯಬೇಕಾದದ್ದು ಯಾವ ನದಿಯ ಕಡೆಯ ನೀರು ಎಂಬುದು. ಪಕ್ಕಪಕ್ಕದ ಎರಡು ಹಳ್ಳದ ಒಂದೇ ಥರದ ಮೀನು ಬೇರೆ ಬೇರೆ ಜಾತಿಯಾಗಿರಲು ಸಾಧ್ಯ.

ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಾಗ ಹಳ್ಳದ ಅಂಚಿನ ತೆಳುನೀರಿನಲ್ಲಿ ಕಲ್ಲಿಗೆ ಕಚ್ಚಿಕೊಂಡ ಎರಡು ಬಗೆಯ ಮೀನು ಕಂಡವು. ಎರಡೂ ರಭಸಕ್ಕೆ ಜಗ್ಗುವುದಿಲ್ಲ, ಉಪಾಯ ಬೇರೆ ಬೇರೆ. ಗಾರಾ ಕುಲದ ಮೀನಿಗೆ ಕೆಳದುಟಿಯ ಹಿಂದೆ ದುಂಡನೆಯ ತಟ್ಟೆ ಇದೆ, ಗದ್ದದಿಂದಲೇ ಕಲ್ಲು ಹಿಡಿಯುತ್ತದೆ. ಭವಾನಿಯಾಕ್ಕೆ ಆ ತಟ್ಟೆ ಇಲ್ಲ. ಎದೆಯ ಮತ್ತು ಹೊಟ್ಟೆಯ ಜೋಡಿ ರೆಕ್ಕೆಗಳು ಅಡ್ಡಡ್ಡಲಾಗಿ ಹರಡಿ, ಚಪ್ಪಟೆ ಹೊಟ್ಟೆಯೊಂದಿಗೆ ಇಡೀ ಮೈಯೇ ಕಲ್ಲಿಗೆ ಅಂಟುತ್ತದೆ. ಮೇಲಿನಿಂದ ನೋಡಿದರೆ ಎರಡೂ ಕಂದು ಕಡ್ಡಿಗಳು. ಪಾರದರ್ಶಕ ಡಬ್ಬಿಯಲ್ಲಿ ಅದೇ ಹಳ್ಳದ ನೀರಿನೊಂದಿಗೆ ಒಂದು ನಿಮಿಷ ಇಟ್ಟು ಕೆಳಗಿನಿಂದ ನೋಡಿದರೆ ಅನುಮಾನ ಉಳಿಯುವುದಿಲ್ಲ. ಒಂದು ನಿಮಿಷ ಎಂದರೆ ಒಂದೇ. ಈ ಮೀನುಗಳಿಗೆ ಹರಿಯುವ ನೀರಿನಷ್ಟು ಆಮ್ಲಜನಕ ಬೇಕು, ನಿಂತ ನೀರು ಬೆಚ್ಚಗಾದ ಹಾಗೆ ಬಾಯಿ ಬಿಡತೊಡಗುತ್ತವೆ.

ಪಕ್ಕದ ಬಂಡೆಯ ಮೇಲೆ ನೀರು ಬರೀ ಪೊರೆಯಷ್ಟು ಜಾರುತ್ತಿತ್ತು. ಅದರ ಮೇಲೆ ಉದ್ದ ಬಾಲದ, ಆಗಲೇ ಹಿಂಗಾಲು ಮೂಡಿದ ಗೊದಮೊಟ್ಟೆಗಳು ಕುಪ್ಪಳಿಸುತ್ತಿದ್ದವು! ಇಂಡಿರಾನ ಕುಲದ ಕಪ್ಪೆಯ ಮರಿಗಳು. ಹೊಂಡದಲ್ಲಿ ಈಜುವುದಿಲ್ಲ, ಒದ್ದೆ ಬಂಡೆಯ ಮೇಲಿನ ಪಾಚಿ ಕೆರೆದು ಬೆಳೆಯುತ್ತವೆ. ಪ್ರವಾಸಿಗರು ಜಾರುತ್ತದೆ ಎಂದು ಬಂಡೆಯ ಪಾಚಿ ಉಜ್ಜುವುದನ್ನೋ, ಅಲ್ಲೇ ಸೋಪು ಹಾಕಿ ಬಟ್ಟೆ ಒಗೆಯುವುದನ್ನೋ ನೋಡಿದಾಗ ಹೇಳಬೇಕಾದ ಮಾತು ಇದು: ಅದು ಅವುಗಳ ತೊಟ್ಟಿಲೂ ಹೌದು, ಊಟದ ಎಲೆಯೂ ಹೌದು.

ಕಲ್ಲಿನ ಸಂದಿಯಲ್ಲಿ ಕೂತಿದ್ದ ಸುಕ್ಕುಮೈಯ ಕಪ್ಪೆಯ ಕಣ್ಣಿಗೆ ಒಂದು ಕ್ಷಣ ಟಾರ್ಚು ಬಿಟ್ಟಾಗ ಪಾಪೆ ನಿಂತ ಹರಳಿನಾಕಾರದಲ್ಲಿ ಕಂಡಿತು. ನಿಕ್ಟಿಬಟ್ರಾಕಸ್, ಇರುಳುಗಪ್ಪೆ. ಪಾಪೆ ಅಡ್ಡವಾಗಿದ್ದರೆ ಬೇರೆ ಕುಲ ಎಂದು ಹುಡುಕಬೇಕು. ಮೊಟ್ಟೆಯನ್ನು ನೀರಿನ ಮೇಲಿನ ಎಲೆಗೋ ಕಲ್ಲಿಗೋ ಅಂಟಿಸಿ, ಗಂಡು ಅಲ್ಲೇ ಕಾವಲು ಕೂರುವ ಬಳಗ ಇದು.

ನಾಲ್ಕನೆಯ ದಿನ: ಕೊಟ್ಟಿಗೆಹಾರ

ಮೂಡಿಗೆರೆ ದಾಟಿ ಕೊಟ್ಟಿಗೆಹಾರಕ್ಕೆ ಬಂದವರು ನೀರುದೋಸೆ ತಿನ್ನದೆ ಮುಂದೆ ಹೋಗುವುದಿಲ್ಲ. ಚಾರ್ಮಾಡಿ ಇಳಿಯುವವರು, ಹತ್ತಿ ಬಂದವರು, ಎಲ್ಲರಿಗೂ ಇದು ತಂಗುವ ಜಾಗ. ಮಂಜು ಎಷ್ಟೆಂದರೆ ಹೋಟೆಲಿನಿಂದ ಬಸ್ಸು ಕಾಣುವುದಿಲ್ಲ. ಕ್ಯಾಮೆರಾ ಚೀಲದಿಂದ ಹೊರತೆಗೆದ ಕೂಡಲೇ ಲೆನ್ಸು ಮಬ್ಬಾಯಿತು. ಚೀಲದೊಳಗೆ ಸಿಲಿಕಾ ಪೊಟ್ಟಣ ಎಷ್ಟಿದ್ದರೂ ಕಾರಿನ ಎ.ಸಿ. ಥಂಡಿಯಿಂದ ನೇರ ಹೊರಗಿನ ಒದ್ದೆ ಗಾಳಿಗೆ ಒಯ್ದರೆ ಹೀಗಾಗುತ್ತದೆ. ಅರ್ಧ ಗಂಟೆ ಮೊದಲೇ ಕಿಟಕಿ ತೆರೆದು ಹೊರಗಿನ ಗಾಳಿಗೆ ಒಗ್ಗಿಸಬೇಕು.

ಕಪ್ಪೆ ಶಾಸ್ತ್ರದಲ್ಲಿ ಈ ಚಿಕ್ಕ ಊರಿಗೆ ದೊಡ್ಡ ಜಾಗವಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣ ರಾವ್ 1937ರಲ್ಲಿ ದಕ್ಷಿಣ ಭಾರತದ ಹೊಸ ಕಪ್ಪೆಗಳ ವಿವರಣೆ ಪ್ರಕಟಿಸಿದರು. ಅವುಗಳಲ್ಲಿ ಕೆಲವು ಇಲ್ಲಿಯವು, ಆಗ ಇದು ಕಡೂರು ಜಿಲ್ಲೆ. ಒಂದು ಜಾತಿಯ ಹೆಸರಿನಲ್ಲಿ ಊರೇ ಕೂತಿದೆ: ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್. 1932ರಲ್ಲಿ ಶುರುವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಹೆಸರಿಡಲು ಆಧಾರವಾಗಿ ಅವರು ಕಾಪಿಟ್ಟ ಮೂಲ ಮಾದರಿಗಳು ಮುಂದೆ ಕಳೆದುಹೋದವು. ಮೂಲ ಮಾದರಿ ಇಲ್ಲದೆ ಹೋದರೆ ಹೆಸರು ಯಾವ ಕಪ್ಪೆಯದ್ದು ಎಂಬ ಜಗಳ ದಶಕಗಟ್ಟಲೆ ಬಗೆಹರಿಯುವುದಿಲ್ಲ. ಆಗ ಉಳಿಯುವ ದಾರಿ ಒಂದೇ, ಮೊದಲು ಸಿಕ್ಕ ಊರಿಗೆ ಹಿಂತಿರುಗಿ ಹುಡುಕುವುದು. ಕೊಟ್ಟಿಗೆಹಾರದ ಹಳ್ಳಗಳಿಗೆ ಈಗಲೂ ಸಂಶೋಧಕರು ಬರುವುದಕ್ಕೆ ಕಾರಣ ಅದೇ.

ಮೈಕ್ರಿಕ್ಸಾಲಸ್‌ಗಳು ಕುಣಿಯುವ ಕಪ್ಪೆಗಳು. ಇಡೀ ಕುಟುಂಬ ಪಶ್ಚಿಮಘಟ್ಟಕ್ಕಷ್ಟೇ ಸೇರಿದ್ದು. 2014ರಲ್ಲಿ ಒಂದೇ ಸಲ 14 ಹೊಸ ಜಾತಿಗಳು ಸೇರಿ ಒಟ್ಟು 24 ಆದವು. ಹಳ್ಳದ ಸದ್ದಿನಲ್ಲಿ ಕೂಗು ಮುಳುಗಿಹೋಗುವುದರಿಂದ ಗಂಡು ಬಂಡೆಯ ಮೇಲೆ ಕೂತು ಒಂದು ಹಿಂಗಾಲನ್ನು ಪೂರ್ತಿ ಚಾಚಿ, ಬೆರಳ ನಡುವಿನ ಬೆಳ್ಳನೆಯ ಪೊರೆ ಬಿಚ್ಚಿ ತೋರಿಸುತ್ತದೆ. ಹೆಣ್ಣು ಹಳ್ಳದ ಮರಳು ಜಲ್ಲಿಯನ್ನು ಕಾಲಿನಿಂದ ತೋಡಿ ಮೊಟ್ಟೆ ಹೂಳುತ್ತದೆ. ಇದರ ಒಂದು ಜಾತಿಯ ಗೊದಮೊಟ್ಟೆಗಳು ಮರಳಿನೊಳಗೇ ಹಾವಿನಂತೆ ನುಸುಳಿ ಬದುಕುತ್ತವೆ ಎಂದು 2016ರಲ್ಲಿ ಪ್ರಕಟವಾಯಿತು. ಮರಳು ತೆಗೆದ ಹಳ್ಳದಲ್ಲಿ ಈ ಕಪ್ಪೆ ಏಕೆ ಉಳಿಯುವುದಿಲ್ಲ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಆರಿದ್ರಾ ಮಳೆಯಲ್ಲಿ ಕುಣಿತ ನೋಡುವ ಆಸೆ ಇಟ್ಟುಕೊಳ್ಳಬಾರದು. ಬಂಡೆಗಳೆಲ್ಲ ನೀರಿನಡಿ. ಮಳೆ ಇಳಿದು, ಹಳ್ಳ ತಿಳಿಯಾಗಿ, ಕಲ್ಲಿನ ನೆತ್ತಿ ಹೊರಗೆ ಬಂದಾಗ ಹಗಲಿನಲ್ಲೇ ಕಾಣುತ್ತದೆ. “ದಸರಾ ಕಳ್ದ್ಮೇಲೆ ಬನ್ನಿ ಮಾರಾಯ್ರೆ, ಕಾಲಡಿಗೇ ಸಿಗ್ತಾವೆ” ಎಂದರು ಹಳ್ಳದ ಪಕ್ಕ ತೋಟವಿರುವ ಹಿರಿಯರು. ಅವರ ಲೆಕ್ಕ ಸರಿ. ಅವರೇ ಹತ್ತುಮೀನಿನ ಮಾತೂ ತೆಗೆದರು. ಮೊದಲ ದೊಡ್ಡ ಮಳೆಗೆ ಮೀನು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತುವುದು ಮೊಟ್ಟೆಯಿಡಲು. ಆ ಎರಡು ಮೂರು ರಾತ್ರಿ ಕೂಳಿ ಹಾಕಿ ಬಾಚಿದರೆ ಮೊಟ್ಟೆ ತುಂಬಿದ ಹೆಣ್ಣುಗಳೇ ಹೋಗುತ್ತವೆ. “ಈಗ ನಮ್ಮ ಗದ್ದೆಗೆ ಹತ್ತೋದು ಮುಗುಡು ಮಾತ್ರ” ಎಂದರು. ಮುಗುಡಿಗೆ ಕಿವಿರಿನ ಜೊತೆಗೆ ಗಾಳಿ ಎಳೆದುಕೊಳ್ಳುವ ಅಂಗವಿದೆ, ಕೆಸರಲ್ಲೂ ದಾರಿ ಮಾಡಿಕೊಳ್ಳುತ್ತದೆ. ಉಳಿದವಕ್ಕೆ ದಾರಿ ತುಂಬ ಹರಿಯುವ ನೀರೇ ಬೇಕು.

ಸಂಜೆ ಪೊದೆಗಪ್ಪೆಗಳ ಸದ್ದು ಶುರುವಾಯಿತು. ಇವುಗಳ ಕುಲಕ್ಕೆ 2010ರಲ್ಲಿ ರಾವ್ ಅವರ ಹೆಸರನ್ನೇ ಸೇರಿಸಿ ರಾವೊರ್ಕೆಸ್ಟಿಸ್ ಎಂದು ಕರೆದರು. ರಾವ್ ಇಲ್ಲಿಂದಲೇ ವಿವರಿಸಿದ ಚಾರಿಯಸ್ ಎಂಬ ಜಾತಿಯೂ ಅದರಲ್ಲಿದೆ. ಹೆಚ್ಚಿನವು ಹೆಬ್ಬೆರಳಿನ ಗೆಣ್ಣಿನಷ್ಟೇ. ಗೊದಮೊಟ್ಟೆಯ ಹಂತ ಇವುಗಳಿಗಿಲ್ಲ. ಎಲೆಯ ಮೇಲೋ ದರಗಿನಡಿಯೋ ಇಟ್ಟ ಮೊಟ್ಟೆಯೊಳಗೇ ಬೆಳವಣಿಗೆಯೆಲ್ಲ ಮುಗಿದು, ಕೆಲವು ವಾರಗಳಲ್ಲಿ ಪುಟ್ಟ ಕಪ್ಪೆಯೇ ಹೊರಬರುತ್ತದೆ. ಆದ್ದರಿಂದ ಕೆರೆ ಇಲ್ಲದ ಗುಡ್ಡದ ನೆತ್ತಿಯಲ್ಲೂ ಬದುಕುತ್ತವೆ, ಒಂದೊಂದು ಗುಡ್ಡಕ್ಕೂ ಬೇರೆ ಬೇರೆ ಜಾತಿಯಾಗಿ ಒಡೆಯುತ್ತವೆ. ನೀರು ಬೇಕಿಲ್ಲ ಎಂದರೆ ತೇವ ಬೇಡ ಎಂದಲ್ಲ. ಮರದ ನೆರಳು ಹೋಗಿ ಎಲೆ ಒಣಗಿದರೆ ಮೊಟ್ಟೆ ಅಲ್ಲೇ ಸುರುಟುತ್ತದೆ.

ಇವುಗಳನ್ನು ಬಣ್ಣದಿಂದ ಗುರುತಿಸಲು ಹೋಗುವುದು ವ್ಯರ್ಥ. ಕೆಲವು ಜಾತಿಯ ಗಂಡು ರಾತ್ರಿ ಕೂಗುವಾಗ ಹಳದಿ, ಹಗಲು ಮಲಗಿದಾಗ ಕಂದು. ಕೂಗನ್ನೇ ಹಿಡಿಯಬೇಕು. ಫೋನನ್ನು ಕಪ್ಪೆಯಿಂದ ಒಂದು ಮೀಟರ್ ದೂರದಲ್ಲಿ ಹಿಡಿದು, ಟಾರ್ಚು ಆರಿಸಿ, ಪೂರ್ತಿ ಒಂದು ನಿಮಿಷ ಧ್ವನಿಮುದ್ರಿಸಿ. ಜೊತೆಗೆ ಗಾಳಿಯ ಉಷ್ಣತೆ ಬರೆಯುವುದು ಕಡ್ಡಾಯ. ಥಂಡಿಯಲ್ಲಿ ಇದೇ ಕಪ್ಪೆ ನಿಧಾನವಾಗಿ ಕೂಗುತ್ತದೆ, ಉಷ್ಣತೆ ಬರೆಯದಿದ್ದರೆ ಒಂದೇ ಜಾತಿಯನ್ನು ಎರಡೆಂದು ಎಣಿಸುವ ಅಪಾಯವಿದೆ. ಆಮೇಲೆ ಫೋಟೋ: ಪಾಪೆ ಕಾಣುವಂತೆ ಕಣ್ಣು, ಮುಂಗಾಲಿನ ಬೆರಳ ತುದಿಯ ತಟ್ಟೆ, ಹಿಂಗಾಲಿನ ಬೆರಳುಗಳ ನಡುವೆ ಪೊರೆ ಎಲ್ಲಿಯವರೆಗೆ ಬಂದಿದೆ ಎಂಬುದು.

ಐದನೆಯ ದಿನ: ಆಲ್ದೂರಿನ ಕಡೆಯ ತೋಟ

ಮಳೆ ಎರಡು ಗಂಟೆ ಬಿಟ್ಟು ಬಿಸಿಲು ಬಿತ್ತು. ಅಡಿಕೆ ಮರದಿಂದ ಮರಕ್ಕೆ ಹಾರುವ ಓತಿ ತೇಲಿತು. ರೆಕ್ಕೆ ಎಂದು ಕಾಣುವುದು ಉದ್ದ ಬೆಳೆದ ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮ, ಮುಂಗಾಲು ಅದರಲ್ಲಿ ಸೇರಿಲ್ಲ. ಮರದ ಮೇಲೇ ಬಾಳುವ ಇದು ಮೊಟ್ಟೆಯಿಡಲು ಮಾತ್ರ ನೆಲಕ್ಕಿಳಿಯುತ್ತದೆ.

ಸರೀಸೃಪದ ಹುರುಪೆ ಮೀನಿನದ್ದಲ್ಲ. ಇದು ಚರ್ಮದ ಹೊರಪದರವೇ ಮಡಿಚಿ ಗಟ್ಟಿಯಾದದ್ದು, ನಮ್ಮ ಉಗುರಿನ ಕೆರಾಟಿನ್. ಒಂದೊಂದಾಗಿ ಕೀಳಲು ಬರುವುದಿಲ್ಲ, ಹಾವು ಪೊರೆ ಬಿಟ್ಟಾಗ ಮೇಲ್ಪದರ ಇಡಿಯಾಗಿ ಬರುತ್ತದೆ. ಈ ಗಟ್ಟಿ ಚರ್ಮವೂ ಚಿಪ್ಪಿರುವ ಮೊಟ್ಟೆಯೂ ಇರುವುದರಿಂದಲೇ ಸರೀಸೃಪಗಳು ಒಣನೆಲದ ಮೇಲೆ ಹರಡಿದವು. ಬೇಲಿಯಲ್ಲಿ ಸಿಕ್ಕ ಒಂದು ಪೊರೆಯನ್ನು ಬಿಡಿಸಿ ನೋಡಿದರೆ ಹಾವಿನ ಹೆಸರು ಹೇಳಬಹುದು, ಹುರುಪೆಯ ಸಾಲುಗಳೆಲ್ಲ ಅದರಲ್ಲಿ ಅಚ್ಚಾಗಿರುತ್ತವೆ.

ತೋಟದ ಹಳ್ಳದ ಪಕ್ಕ, ಕಾಫಿ ಕೊಂಬೆಯಲ್ಲಿ ಮಲಬಾರ್ ಗುಳಿಮಂಡಲ ಸುತ್ತಿಕೊಂಡಿತ್ತು. ಅದು ಕಂದು. ನಾಲ್ಕು ಗಿಡದಾಚೆ ಇನ್ನೊಂದು, ಹಸಿರು. ಜಾತಿ ಒಂದೇ, ಹಳದಿಯೂ ಇರುತ್ತದೆ. ಕಣ್ಣು ಮತ್ತು ಮೂಗಿನ ನಡುವಿನ ಗುಳಿ ಶಾಖ ಹಿಡಿಯುವ ಅಂಗ, ಕತ್ತಲಲ್ಲಿ ಇಲಿಯ ಮೈಬಿಸಿ ಅದಕ್ಕೆ ಗೊತ್ತಾಗುತ್ತದೆ. ಕಾಫಿ ತೋಟದ ಕೆಲಸಗಾರರಿಗೆ ಇದಕ್ಕಿಂತ ಹೆಚ್ಚು ತೊಂದರೆ ಕೊಡುವುದು ದರಗಿನಲ್ಲಿ ಮಲಗುವ, ಮೂತಿ ಮೇಲೆದ್ದ ಹಿಪ್ನೇಲ್ ಎಂಬ ಚಿಕ್ಕ ವಿಷಹಾವು. ಅದರ ನೆತ್ತಿಯ ಮೇಲೆ ದೊಡ್ಡ ಫಲಕಗಳಿವೆ, ಗುಳಿಮಂಡಲದ ನೆತ್ತಿಯಲ್ಲಿ ಸಣ್ಣ ಹುರುಪೆಗಳು. ಹಿಪ್ನೇಲ್ ಕಚ್ಚಿದರೆ ಮೂತ್ರಪಿಂಡಕ್ಕೂ ಪೆಟ್ಟಾಗಬಹುದು. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ವಿಷನಿರೋಧಕ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷದಿಂದ. ಹಿಪ್ನೇಲ್‌ಗೆ ಅದು ಸರಿಯಾಗಿ ನಾಟುವುದಿಲ್ಲ. ಹಾಗೆಂದು ಆಸ್ಪತ್ರೆ ತಪ್ಪಿಸುವಂತಿಲ್ಲ. ಕಟ್ಟಬಾರದು, ಕೊಯ್ಯಬಾರದು, ಕೈಕಾಲು ಅಲುಗಿಸದೆ ಒಯ್ದು, ಸಾಧ್ಯವಾದರೆ ದೂರದಿಂದ ತೆಗೆದ ಹಾವಿನ ಫೋಟೋ ವೈದ್ಯರಿಗೆ ತೋರಿಸಬೇಕು. ಗಂಬೂಟು ಮತ್ತು ದರಗು ಕೆದಕಲು ಕೋಲು ಕೊಡದ ತೋಟದಲ್ಲಿ ಕಳೆ ತೆಗೆಯುವ ಹೆಂಗಸರ ಬೆರಳೇ ಬಲಿ.

ಕಾಳಿಂಗ ಸರ್ಪದ ಬಗ್ಗೆ ಇಲ್ಲಿ ಎಲ್ಲರಿಗೂ ಒಂದು ಮಾತಿದೆ. ಮೇಸ್ತ್ರಿ ಹೇಳಿದರು: “ಅದಿದ್ರೆ ಬೇರೆ ಹಾವಿಲ್ಲ ಸರ್. ನಾವು ಕೆಣಕಲ್ಲ, ಅದೂ ನಮ್ಮನ್ನ ಕೆಣಕಲ್ಲ.” ಹಾವನ್ನೇ ತಿನ್ನುವ ಈ ಹಾವು ನಾಗರಹಾವಿನ ಕುಲಕ್ಕೆ ಸೇರಿಲ್ಲ. ತಲೆಯ ಹಿಂಭಾಗದಲ್ಲಿ ಒಂದು ಜೊತೆ ದೊಡ್ಡ ಫಲಕ ಹೆಚ್ಚಿಗೆ ಇದೆ, ನಾಗರದಲ್ಲಿ ಇಲ್ಲ. ಏಷ್ಯಾದುದ್ದಕ್ಕೂ ಒಂದೇ ಜಾತಿ ಎಂದುಕೊಂಡಿದ್ದದ್ದು 2024ರಲ್ಲಿ ನಾಲ್ಕಾಯಿತು. ಪಶ್ಚಿಮಘಟ್ಟದ್ದಕ್ಕೆ ಓಫಿಯೋಫೇಗಸ್ ಕಾಳಿಂಗ ಎಂದೇ ಹೆಸರು. ಬಲಿತ ಹಾವಿನ ಮೈಮೇಲಿನ ಪಟ್ಟೆಗಳು ನಮ್ಮದರಲ್ಲಿ 40ಕ್ಕಿಂತ ಕಡಿಮೆ, ಉತ್ತರದ್ದರಲ್ಲಿ 50ರಿಂದ 70. ಮೇಸ್ತ್ರಿಗೆ ಈ ಸುದ್ದಿ ಹೊಸದು. “ನಾವು ಕರೆಯೋ ಹೆಸರೇನಾ?” ಎಂದು ಮತ್ತೆ ಕೇಳಿ ಖಚಿತಪಡಿಸಿಕೊಂಡರು. ಹೆಣ್ಣು ದರಗನ್ನು ಮೈಯಿಂದಲೇ ಗುಡ್ಡೆ ಹಾಕಿ ಗೂಡು ಕಟ್ಟುತ್ತದೆ. ಬೇಸಿಗೆಯ ಕೊನೆಯಲ್ಲಿ ತೋಟದ ಅಂಚಿನಲ್ಲಿ ಮೊಣಕಾಲೆತ್ತರದ ದರಗಿನ ಗುಡ್ಡೆ ಕಂಡರೆ ಗುಡಿಸಿ ಬೆಂಕಿ ಹಾಕುವ ಮುನ್ನ ಅರಣ್ಯ ಇಲಾಖೆಗೆ ಹೇಳಬೇಕು.

ಆರನೆಯ ದಿನ: ಗಿರಿ, ಮತ್ತು ಇಳಿಯುವ ರಸ್ತೆ

ಕೈಮರದಿಂದ ಮೇಲಕ್ಕೆ ವಾಹನಗಳಿಗೆ ಮಿತಿ ಇದೆ, ಹೊರಡುವ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಅದಕ್ಕಿಂತ ಮುಖ್ಯವಾದದ್ದು ಬೂಟು. ಕಪ್ಪೆಗಳ ಚರ್ಮಕ್ಕೆ ಹತ್ತುವ ಕೈಟ್ರಿಡ್ ಎಂಬ ಶಿಲೀಂಧ್ರ ಪ್ರಪಂಚದ ಹಲವೆಡೆ ಕಪ್ಪೆಗಳ ಸಂತತಿಯನ್ನೇ ಅಳಿಸಿದೆ, ಒದ್ದೆ ಮಣ್ಣಿನೊಂದಿಗೆ ಸಾಗುತ್ತದೆ. ಒಂದು ಹಳ್ಳದ ಕೆಸರು ಇನ್ನೊಂದು ಗುಡ್ಡಕ್ಕೆ ಹೋಗಕೂಡದು. ಬ್ರಷ್ಷಿನಿಂದ ಉಜ್ಜಿ ಪೂರ್ತಿ ಒಣಗಿಸಬೇಕು, ಆದರೆ ಆರಿದ್ರಾದಲ್ಲಿ ಒಣಗುವುದಾದರೂ ಎಲ್ಲಿ? ಎರಡನೆಯ ಜೊತೆ ತಂದಿಟ್ಟುಕೊಳ್ಳುವುದೇ ಸುಲಭ.

ಮುಳ್ಳಯ್ಯನಗಿರಿಯ ಏಣಿನಲ್ಲಿ ಗಾಳಿಗೆ ನಿಲ್ಲಲಾಗಲಿಲ್ಲ. ಮಂಜು, ಹುಲ್ಲು, ಹುಲ್ಲಿನೊಳಗಿಂದ ಪೊದೆಗಪ್ಪೆಗಳ ಬಿಡಿಬಿಡಿ ಕೂಗು. ಹಗಲಿನಲ್ಲೇ ಕೂಗುತ್ತಿದ್ದವು, ಮಂಜು ಕವಿದರೆ ಅವಕ್ಕೆ ಅದೇ ಸಂಜೆ. ಹುಲ್ಲುಗಾವಲಿನಲ್ಲಿ ಹಾದಿ ಬಿಟ್ಟು ಓಡಾಡಿದರೆ ಕಪ್ಪೆಯನ್ನೂ ಮೊಟ್ಟೆಯನ್ನೂ ತುಳಿಯುತ್ತೇವೆ, ಆದ್ದರಿಂದ ರಸ್ತೆಯಂಚಿನಿಂದಲೇ ಧ್ವನಿಮುದ್ರಣ ಮುಗಿಯಿತು.

ಇಳಿಯುವಾಗ ಮಳೆ ನಿಂತು ಡಾಂಬರು ಬೆಚ್ಚಗಾಗಿತ್ತು. ಹಾವುಗಳು ಮೈ ಕಾಯಿಸಲು ರಸ್ತೆಗೆ ಬರುವ ಹೊತ್ತು, ಕಾರುಗಳೂ ಇಳಿಯುವ ಹೊತ್ತು. ಚಿಕ್ಕಮಗಳೂರು ದಾಟಿ ಬೇಲೂರಿನ ಕಡೆ ಸ್ವಲ್ಪ ದೂರದಲ್ಲಿ ಬಿಳಿ ಪಟ್ಟೆಯ ಕಪ್ಪು ಹಾವೊಂದು ಚಕ್ರಕ್ಕೆ ಸಿಕ್ಕಿ ಸತ್ತಿತ್ತು. ನಿಂತಿದ್ದ ಬೈಕಿನವರಲ್ಲಿ ಒಬ್ಬರು ಕಟ್ಟುಹಾವು ಎಂದರು, ಇನ್ನೊಬ್ಬರು ಅಲ್ಲ ಎಂದರು. ಇಂಥಲ್ಲಿ ಬಾಯಿಮಾತಿನಿಂದ ಪ್ರಯೋಜನವಿಲ್ಲ, ಎಣಿಸಬೇಕು. ತಲೆಯ ಹತ್ತಿರ ಕೈ ಬೇಡ, ಸತ್ತ ಮೇಲೂ ಸ್ವಲ್ಪ ಹೊತ್ತು ದವಡೆ ತಾನೇ ಕಚ್ಚಬಲ್ಲದು. ಉದ್ದನೆಯ ಕಡ್ಡಿಯಿಂದ ಮೈಯ ನಡುಭಾಗ ಸರಿಪಡಿಸಿ ಫೋಟೋ ತೆಗೆಯಿರಿ. ಹೊಟ್ಟೆಯ ಅಗಲ ಫಲಕ ಬಿಟ್ಟು, ಒಂದು ಬದಿಯಿಂದ ಓರೆಯಾಗಿ ಬೆನ್ನು ದಾಟಿ ಇನ್ನೊಂದು ಬದಿಯವರೆಗೆ ಎಣಿಸಿ. ಕಟ್ಟುಹಾವಾದರೆ 15 ಸಾಲು, ಬೆನ್ನ ನಡುಸಾಲಿನ ಹುರುಪೆಗಳು ದೊಡ್ಡದಾಗಿ ಆರು ಮೂಲೆಯವು. ವಿಷವಿಲ್ಲದ ತೋಳಹಾವಾದರೆ 17, ನಡುಸಾಲು ಉಳಿದವುಗಳಂತೆಯೇ. ಆಮೇಲೆ ಬಾಲದ ಅಡಿ: ಕಟ್ಟುಹಾವಿನಲ್ಲಿ ಫಲಕ ಇಡಿಯಾಗಿರುತ್ತದೆ, ತೋಳಹಾವಿನಲ್ಲಿ ಎರಡಾಗಿ ಸೀಳಿರುತ್ತದೆ. ಪಟ್ಟೆಯನ್ನೂ ನೋಡಬಹುದು. ತೋಳಹಾವಿನ ಪಟ್ಟೆ ಕತ್ತಿನ ಕಡೆ ದಟ್ಟ, ಬಾಲದ ಕಡೆ ಮಸುಕು. ಕಟ್ಟುಹಾವಿನದ್ದು ಅದಕ್ಕೆ ತದ್ವಿರುದ್ಧ. ಆದರೆ ಪಟ್ಟೆಯೇ ಇಲ್ಲದ ಕಟ್ಟುಹಾವುಗಳೂ ಇವೆ, ಆದ್ದರಿಂದ ಪಟ್ಟೆಗೆ ಕೊನೆಯ ಸ್ಥಾನ.

ಬೈಕಿನ ಹುಡುಗರೇ ಫೋನಿನಲ್ಲಿ ಫೋಟೋ ದೊಡ್ಡದು ಮಾಡಿ ಎಣಿಸಿದರು. ಹದಿನೇಳು ಬಂತು. ಬಾಲದಡಿಯ ಫಲಕಗಳು ಸೀಳಿದ್ದವು. ಕಡ್ಡಿಯಿಂದ ಎತ್ತಿ ರಸ್ತೆಯಾಚೆ ಹಾಕಿದೆವು. ಅಲ್ಲೇ ಬಿಟ್ಟರೆ ತಿನ್ನಲು ಬರುವ ಗರುಡ, ಕಾಗೆಗಳೂ ಮುಂದಿನ ಕಾರಿಗೆ ಸಿಕ್ಕುತ್ತವೆ.